ದಿನಾ ನುಂಗಬೇಕಾದ ಗುಳಿಗಿಗೆ ಬೆಲೆ ಕಟ್ಟುವವರು ಯಾರು?

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ಹತ್ತಿರದ ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಕೆಲವು ವರ್ಷದ ಹಿಂದೆ ಸುಸ್ತು ಸುಸ್ತು ಅಂತ ಶುರುವಾಯಿತು. ಎಡಗಡೆ ಹೊಟ್ಟೆ ಬಿಗಿದಂತೆ, ನಾಲ್ಕು ತುತ್ತಿಗೇ ಸಾಕಾದಂತೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣಗಳ ಸಂಖ್ಯೆ ಎರಡು ಲಕ್ಷ ದಾಟಿತ್ತು. ಇರಬೇಕಾದ್ದು ಹೆಚ್ಚೆಂದರೆ ಹನ್ನೊಂದು ಸಾವಿರ. ಕಾಯಿಲೆಯ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಚಿಕ್ಕದಾಗಿ ಸಿಎಂಎಲ್. ರಕ್ತದ ಕ್ಯಾನ್ಸರ್.

ಅವತ್ತಿಂದ ಅವರ ಊಟದ ತಾಟಿನ ಪಕ್ಕ ಒಂದು ಗುಳಿಗಿ ಇರುತ್ತದೆ. ಇಮಾಟಿನಿಬ್, 400 ಮಿಲಿಗ್ರಾಂ. ದಿನಕ್ಕೊಂದು, ಊಟದ ಜೊತೆ, ತುಂಬಿದ ಲೋಟ ನೀರು. ಕಣ್ಣ ಕೆಳಗೆ ಸ್ವಲ್ಪ ಬಾವು ಬರುತ್ತದೆ, ರಾತ್ರಿ ಕಾಲು ಸೆಳೆಯುತ್ತವೆ. ಅಷ್ಟು ಬಿಟ್ಟರೆ ಮಷೀನಿನ ಮುಂದೆ ಕೂತು ಹೊಲಿಯುತ್ತಾರೆ, ಜಗಳ ಆಡುತ್ತಾರೆ, ಸಿದ್ಧಾರೂಢ ಮಠದ ಜಾತ್ರೆಗೂ ಹೋಗುತ್ತಾರೆ.

ಒಂದು ಸಂಜೆ ಮಾತಿನ ನಡುವೆ ಹೇಳಿದರು: "ಒಂದ ದಿನಾ ಬಿಟ್ಟ ಒಂದ ದಿನಾ ತಗೊಳ್ಳಾಕತ್ತೇನೋ ತಮ್ಮಾ. ಒಂದ ತಿಂಗಳದ ಗುಳಿಗಿ ಎರಡ ತಿಂಗಳಾ ಬರ್ತಾವು. ಮಗಳ ಫೀ ತುಂಬೂದಿತ್ತಲ್ಲ. ಮೈಯಾಗೇನೂ ಅನಸೂದಿಲ್ಲ, ಆರಾಮ ಅದೀನಿ."

ನನಗೆ ಎದೆ ಧಸಕ್ಕೆಂದಿತು. ನಾನು ಡಾಕ್ಟರ್ ಅಲ್ಲ. ಆದರೆ ಎಂಎಸ್ಸಿ ಓದುವಾಗ ನನ್ನ ಪ್ರಾಜೆಕ್ಟ್ ಇದೇ ಔಷಧಿಯ ಮೇಲೆ ಇತ್ತು. ಔಷಧಿ ನಿಲ್ಲಿಸಿದರೆ ಈ ಕ್ಯಾನ್ಸರ್ ಕೋಶಗಳು ಏನು ಮಾಡುತ್ತವೆ ಅನ್ನುವುದನ್ನು ನಾನು ಪ್ಲಾಸ್ಟಿಕ್ ಪ್ಲೇಟಿನಲ್ಲಿ ಕಣ್ಣಾರೆ ನೋಡಿದ್ದೆ. ನೋಡಿ, ಗ್ರಾಫ್ ಬರೆದು, ಅಂಕ ತಗೊಂಡು ಮರೆತಿದ್ದೆ. ಪಕ್ಕದ ಮನೆಯಲ್ಲಿ ಅದೇ ಪ್ರಯೋಗ ನಡೆಯುತ್ತಿದೆ ಅಂತ ಹೊಳೆದಿರಲಿಲ್ಲ.

ಅದಕ್ಕೇ ಈ ಲೇಖನ. ಆ ಪ್ಲೇಟಿನಲ್ಲಿ ಕಂಡ ಎರಡು ಸಂಗತಿ ನಮ್ಮ ಪೇಟೆಂಟ್ ಕಾಯ್ದೆಗೂ, ಈಗ ಸಹಿ ಬೀಳುತ್ತಿರುವ ವ್ಯಾಪಾರ ಒಪ್ಪಂದಗಳಿಗೂ ನೇರ ಸಂಬಂಧಪಟ್ಟಿವೆ.

ಪ್ಲೇಟಿನಲ್ಲಿ ಏನಾಗುತ್ತದೆ?

ನಾವು ಬಳಸಿದ ಕೋಶಗಳ ಹೆಸರು ಕೆ562. 1970ರ ದಶಕದಲ್ಲಿ, ಸಿಎಂಎಲ್ ಕೊನೆಯ ಹಂತ ತಲುಪಿದ್ದ 53 ವರ್ಷದ ಹೆಣ್ಣುಮಗಳೊಬ್ಬಳ ದೇಹದಿಂದ ತೆಗೆದು ಬೆಳೆಸಿದ ಕೋಶಗಳ ಸಂತತಿ. ಆಕೆ ಹೋಗಿ ಅರ್ಧ ಶತಮಾನ ಆಯಿತು, ಆಕೆಯ ಕೋಶಗಳು ಜಗತ್ತಿನ ಸಾವಿರಾರು ಲ್ಯಾಬ್‌ಗಳಲ್ಲಿ ಇವತ್ತಿಗೂ ಬೆಳೆಯುತ್ತಿವೆ. ನಮ್ಮ ದೇಶದ ಲ್ಯಾಬ್‌ಗಳಿಗೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ಬರುತ್ತವೆ. 37 ಡಿಗ್ರಿ ಬಿಸಿ, ಕೆಂಪು ಬಣ್ಣದ ಪೋಷಕ ದ್ರಾವಣ, ಕರುವಿನ ಸೀರಮ್ ಕೊಟ್ಟರೆ ಸುಮಾರು ಒಂದು ದಿನಕ್ಕೆ ಒಂದು ಎರಡಾಗುತ್ತವೆ.

96 ಪುಟ್ಟ ಬಟ್ಟಲುಗಳಿರುವ ಪ್ಲೇಟಿನಲ್ಲಿ ಈ ಕೋಶಗಳನ್ನು ಹಾಕಿ, ಒಂದೊಂದು ಸಾಲಿಗೂ ಇಮಾಟಿನಿಬ್ ಪ್ರಮಾಣ ಏರಿಸುತ್ತಾ ಹೋಗುತ್ತೇವೆ. ಎರಡು ಮೂರು ದಿನ ಬಿಟ್ಟು ಒಂದು ಹಳದಿ ಬಣ್ಣ ಹಾಕುತ್ತೇವೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ಔಷಧಿ ಇಲ್ಲದ ಸಾಲು ಬದನೆಕಾಯಿ ಬಣ್ಣ. ಅಲ್ಲಿಂದ ಮುಂದಕ್ಕೆ ತಿಳಿಯಾಗುತ್ತಾ ಆಗುತ್ತಾ ಕೊನೆಯ ಸಾಲು ಬರೀ ಹಳದಿ. ಮೊದಲ ಸಲ ನೋಡಿದಾಗ ಯಾರಿಗಾದರೂ ಖುಷಿಯಾಗುತ್ತದೆ.

ಆದರೆ ಅಷ್ಟಕ್ಕೇ ಖುಷಿಪಡಬಾರದು. ಪ್ಲೇಟಿನಲ್ಲಿ ಬ್ಲೀಚಿಂಗ್ ಪುಡಿ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ! ವಾಟ್ಸಾಪಿನಲ್ಲಿ ಬರುವ 'ಕ್ಯಾನ್ಸರ್ ಕೊಲ್ಲುವ ಎಲೆ', 'ಕ್ಯಾನ್ಸರ್ ಕೊಲ್ಲುವ ಬೀಜ'ಗಳ ಬಹುಪಾಲು ಕತೆ ಇಷ್ಟೇ. ಕೇಳಬೇಕಾದ ಪ್ರಶ್ನೆ ಬೇರೆ: ಪಕ್ಕದ ಒಳ್ಳೆಯ ಕೋಶ ಉಳಿಯಿತೋ ಇಲ್ಲವೋ?

ಇಮಾಟಿನಿಬ್ ಗೆದ್ದಿದ್ದು ಆ ಪ್ರಶ್ನೆಯಲ್ಲಿ. 1996ರಲ್ಲಿ ಅಮೆರಿಕದ ವೈದ್ಯ ಬ್ರಯಾನ್ ಡ್ರಕರ್, ನಿಕೊಲಸ್ ಲೈಡನ್ ಮತ್ತು ಸಂಗಡಿಗರು ಸಿಎಂಎಲ್ ರೋಗಿಗಳ ಕೋಶಗಳ ಮೇಲೆ ಇದನ್ನು ಪ್ರಯೋಗಿಸಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆಯ ಕೋಶಗಳು ಕಟ್ಟುವ ಗುಂಪುಗಳು ಶೇ 92ರಿಂದ 98ರಷ್ಟು ಕಮ್ಮಿಯಾಗಿದ್ದವು. ಆರೋಗ್ಯವಂತ ಕೋಶಗಳ ಗುಂಪುಗಳು ಹಾಗೇ ಉಳಿದಿದ್ದವು. ಕೂದಲು ಉದುರಿಸಿ, ಕರುಳು ಸುಟ್ಟು ಕ್ಯಾನ್ಸರ್ ಕೊಲ್ಲುವ ಕಾಲದಲ್ಲಿ ಇದು ನಂಬಲಾಗದ ಮಾತು.

ಆರದ ಸ್ವಿಚ್ಚು

ಹಾಗಾಗಲು ಕಾರಣ ಇದೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕೋಶಗಳಲ್ಲಿ ಒಂದು ವರ್ಣತಂತು ಗಿಡ್ಡವಾಗಿರುವುದನ್ನು ಕಂಡರು. 1973ರಲ್ಲಿ ಶಿಕಾಗೊದ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು. 9ನೇ ಮತ್ತು 22ನೇ ವರ್ಣತಂತುಗಳು ಮುರಿದು ತುಂಡು ಅದಲುಬದಲಾಗಿದ್ದವು. ಹಾಗೆ ತಪ್ಪಾಗಿ ಅಂಟಿಕೊಂಡ ಜಾಗದಲ್ಲಿ ಎರಡು ವಂಶವಾಹಿಗಳು ಸೇರಿ ಬಿಸಿಆರ್-ಎಬಿಎಲ್ ಎಂಬ ಹೊಸ ಕಿಣ್ವ ಹುಟ್ಟುತ್ತದೆ.

ಎಬಿಎಲ್ ಎಲ್ಲರಲ್ಲೂ ಇರುವ ಕಿಣ್ವವೇ. ಬೇಕಾದಾಗ ಹತ್ತಿ, ಬೇಡವಾದಾಗ ಆರುವ ಸ್ವಿಚ್ಚು. ಬಿಸಿಆರ್ ಜೊತೆ ಅಂಟಿಕೊಂಡದ್ದು ಮಾತ್ರ ಆರುವುದೇ ಇಲ್ಲ. ಎಟಿಪಿ ಎಂಬ ಇಂಧನದ ಕಣ ಆ ಕಿಣ್ವದ ಒಂದು ಗೂಡಿನಲ್ಲಿ ಬಂದು ಕೂರುತ್ತದೆ. ಕಿಣ್ವ ಅದರಿಂದ ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸುತ್ತದೆ, ಅವು 'ಬೆಳಿ, ಒಡೆ, ಸಾಯಬೇಡ' ಅನ್ನುವ ಸಂದೇಶ ಸಾಗಿಸುತ್ತವೆ. ಇಮಾಟಿನಿಬ್ ಎಟಿಪಿಯ ಅದೇ ಗೂಡಿಗೆ ಹೋಗಿ ಅಡ್ಡ ಕೂರುತ್ತದೆ. ಇಂಧನಕ್ಕೆ ಜಾಗ ಇಲ್ಲ, ಸಂದೇಶ ಬಂದ್. ಆ ಸಂದೇಶಕ್ಕೇ ಜೋತುಬಿದ್ದು ಬದುಕುತ್ತಿದ್ದ ಕೋಶ ತಾನಾಗಿ ಸಾಯುತ್ತದೆ. ಒಳ್ಳೆಯ ಕೋಶದ ಬದುಕಿಗೆ ಬೇರೆ ದಾರಿಗಳಿವೆ, ಅದು ಉಳಿಯುತ್ತದೆ.

1998ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡ 54 ಜನರಲ್ಲಿ 53 ಜನರ ರಕ್ತಕಣಗಳ ಲೆಕ್ಕ ಸರಿಹೋಯಿತು. ಸುದ್ದಿ ಹರಡಿದಾಗ ಔಷಧಿ ಸಾಲದೇ ಹೋಯಿತು. ರೋಗಿಗಳೇ ಸಾವಿರಾರು ಸಹಿ ಸಂಗ್ರಹಿಸಿ, ಹೆಚ್ಚು ತಯಾರಿಸಿ ಎಂದು ನೊವಾರ್ಟಿಸ್ ಕಂಪನಿಯ ಮೇಲೆ ಒತ್ತಡ ಹಾಕಿದರು. 2001ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮುಂದಿನ ದೊಡ್ಡ ಅಧ್ಯಯನದಲ್ಲಿ, ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರಲ್ಲಿ ಹತ್ತು ವರ್ಷದ ನಂತರ ಬದುಕಿದ್ದವರು ಶೇ 83.

ಮೊದಲ ಸಂಗತಿ: ಕರಗಿದ ಮೇಲೆ ಹರಳು ಎಲ್ಲಿ?

ಲ್ಯಾಬಿನಲ್ಲಿ ಇಮಾಟಿನಿಬ್ ಪುಡಿಯಾಗಿ ಬರುತ್ತದೆ. ಮೊದಲ ಕೆಲಸ ಅದನ್ನು ಕರಗಿಸುವುದು. ಸಕ್ಕರೆ ನೀರಿಗೆ ಹಾಕಿದರೆ ಕಲ್ಲುಸಕ್ಕರೆಯೋ ಪುಡಿಸಕ್ಕರೆಯೋ ಅನ್ನುವ ಭೇದ ಉಳಿಯುತ್ತದೆಯೇ? ಇದೂ ಹಾಗೇ. ಕರಗಿದ ಮೇಲೆ ಹರಳಿನ ಆಕಾರ ಇಲ್ಲ, ಅಣು ಮಾತ್ರ ಇದೆ. ಎಟಿಪಿಯ ಗೂಡಿನಲ್ಲಿ ಕೂರುವುದು ಆ ಅಣು.

ಈ ಸಣ್ಣ ಸಂಗತಿಯ ಮೇಲೆ ನಮ್ಮ ದೇಶದಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಜಗಳ ನಡೆಯಿತು. ಇಮಾಟಿನಿಬ್ ಅಣುವಿಗೆ ಪೇಟೆಂಟ್ ಅರ್ಜಿ ಬಿದ್ದದ್ದು 1990ರ ದಶಕದ ಆರಂಭದಲ್ಲಿ, ಬೇರೆ ದೇಶಗಳಲ್ಲಿ. ಆಗ ನಮ್ಮ 1970ರ ಕಾಯ್ದೆ ಔಷಧಿಗೆ ಉತ್ಪನ್ನ ಪೇಟೆಂಟ್ ಕೊಡುತ್ತಿರಲಿಲ್ಲ. 1998ರಲ್ಲಿ ನೊವಾರ್ಟಿಸ್ ಚೆನ್ನೈನಲ್ಲಿ ಅರ್ಜಿ ಹಾಕಿದ್ದು ಅದೇ ಔಷಧಿಯ 'ಬೀಟಾ ಹರಳು' ರೂಪಕ್ಕೆ. ಅಷ್ಟರಲ್ಲಿ ಡಬ್ಲ್ಯುಟಿಒ ಒಪ್ಪಂದದ ಪ್ರಕಾರ 2005ರಿಂದ ನಾವೂ ಉತ್ಪನ್ನ ಪೇಟೆಂಟ್ ಕೊಡಬೇಕಾಯಿತು. ಆಗ ಸಂಸತ್ತು, ಎಡಪಕ್ಷಗಳ ಒತ್ತಡವೂ ಸೇರಿ, ಕಾಯ್ದೆಗೆ 3(ಡಿ) ಕಲಮನ್ನು ಬಿಗಿಮಾಡಿತು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಪರಿಣಾಮ ಹೆಚ್ಚಿದ್ದರೆ ಮಾತ್ರ ಪೇಟೆಂಟ್.

ಇದರ ಅರ್ಥ ಓಣಿಯ ಭಾಷೆಯಲ್ಲಿ ಹೇಳಬೇಕೆಂದರೆ ರೊಕ್ಕ. ಗ್ಲಿವೆಕ್ ಹೆಸರಿನಲ್ಲಿ ಕಂಪನಿ ಮಾರುತ್ತಿದ್ದ ಬೆಲೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಹೈದರಾಬಾದಿನ ನ್ಯಾಟ್ಕೊದಂಥ ಭಾರತೀಯ ಕಂಪನಿಗಳು ಮಾರುತ್ತಿದ್ದದ್ದು ಎಂಟರಿಂದ ಹತ್ತು ಸಾವಿರಕ್ಕೆ. 2003ರ ನವೆಂಬರ್‌ನಲ್ಲಿ ನೊವಾರ್ಟಿಸ್‌ಗೆ ತಾತ್ಕಾಲಿಕವಾಗಿ ಏಕಸ್ವಾಮ್ಯ ಮಾರಾಟದ ಹಕ್ಕು ಸಿಕ್ಕಾಗ ಅಗ್ಗದ ಮಾತ್ರೆಗಳಿಗೆ ಕುತ್ತು ಬಂತು. ಮುಂಬೈನ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಎಂಬ ರೋಗಿಗಳ ಸಂಸ್ಥೆಯೂ, ಕೆಲವು ಭಾರತೀಯ ಕಂಪನಿಗಳೂ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದವು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. 3(ಡಿ) ಕಲಮೇ ಸಂವಿಧಾನ ವಿರೋಧಿ ಎಂಬ ವಾದವನ್ನು ಮದ್ರಾಸ್ ಹೈಕೋರ್ಟ್ 2007ರಲ್ಲಿ ತಳ್ಳಿಹಾಕಿತು. ಕಡೆಗೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ದೇಸಾಯಿ ಅವರ ಪೀಠ ನೊವಾರ್ಟಿಸ್ ಮೇಲ್ಮನವಿ ವಜಾ ಮಾಡಿತು.

ಬೀಟಾ ಹರಳು ತೇವ ಹೀರುವುದು ಕಡಿಮೆ, ಕೆಡುವುದಿಲ್ಲ, ದೇಹ ಶೇ 30 ಹೆಚ್ಚು ಹೀರಿಕೊಳ್ಳುತ್ತದೆ ಎಂದು ಕಂಪನಿ ವಾದಿಸಿತ್ತು. ಅದೇನೂ ಸುಳ್ಳು ಮಾತಲ್ಲ. ಮಾತ್ರೆ ತಯಾರಿಸುವವರಿಗೆ ಒಳ್ಳೆಯ ಹರಳು ಉಪಯುಕ್ತವೇ. ಆದರೆ ಕೋರ್ಟು ಕೇಳಿದ್ದು, ಔಷಧಿಯ ವಿಷಯದಲ್ಲಿ ಪರಿಣಾಮ ಎಂದರೆ ಕಾಯಿಲೆ ವಾಸಿಮಾಡುವ ಪರಿಣಾಮ, ಅದು ಹೆಚ್ಚಾಗಿದೆ ಅನ್ನುವುದಕ್ಕೆ ಪುರಾವೆ ಎಲ್ಲಿ? ಪುರಾವೆ ಇರಲಿಲ್ಲ. ಪ್ಲೇಟಿನಲ್ಲಿ ಕೋಶ ಹೇಳುವುದನ್ನೇ ಕೋರ್ಟು ಕಾನೂನಿನ ಭಾಷೆಯಲ್ಲಿ ಹೇಳಿತು ಅಂತ ನನಗೆ ಅನಿಸುತ್ತದೆ.

ಎರಡನೇ ಸಂಗತಿ: ತೊಳೆದರೆ ಮತ್ತೆ ಬರುತ್ತದೆ

ನನ್ನ ಪ್ರಾಜೆಕ್ಟಿನಲ್ಲಿ ಇನ್ನೊಂದು ಪ್ರಯೋಗ ಇತ್ತು. ಕೋಶಗಳಿಗೆ ಒಂದು ದಿನ ಔಷಧಿ ಕೊಟ್ಟು, ಆಮೇಲೆ ಅದನ್ನು ತೊಳೆದು ತೆಗೆದು, ಕೋಶಗಳನ್ನು ಹೊಸ ದ್ರಾವಣಕ್ಕೆ ಹಾಕುವುದು. ಮೊದಮೊದಲು ಎಲ್ಲ ಸತ್ತಂತೆ ಕಾಣುತ್ತದೆ. ದಿನಗಳು ಕಳೆದಂತೆ ಅಲ್ಲೊಂದು ಇಲ್ಲೊಂದು ಹೊಳೆಯುವ ಗುಂಡು ಕೋಶ. ವಾರ ಕಳೆಯುವಷ್ಟರಲ್ಲಿ ಪ್ಲೇಟು ಮತ್ತೆ ಬದನೆಕಾಯಿ ಬಣ್ಣ.

ಕಾರಣ ಸರಳ. ಇಮಾಟಿನಿಬ್ ಮುರಿದ ವರ್ಣತಂತುವನ್ನು ರಿಪೇರಿ ಮಾಡುವುದಿಲ್ಲ. ಗೂಡಿನಲ್ಲಿ ಅಡ್ಡ ಕೂರುತ್ತದೆ ಅಷ್ಟೇ. ಎದ್ದು ಹೋದರೆ ಎಟಿಪಿ ಬಂದು ಕೂರುತ್ತದೆ. 1999ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೂ ಇದನ್ನೇ ತೋರಿಸಿತು: ಕಿಣ್ವವನ್ನು ಬಿಡುವಿಲ್ಲದೆ ತಡೆಹಿಡಿದರೆ ಮಾತ್ರ ಗಡ್ಡೆ ಕರಗುತ್ತದೆ. ಇನ್ನೂ ಒಂದಿದೆ. ಅಸ್ಥಿಮಜ್ಜೆಯಲ್ಲಿ ಅಡಗಿರುವ ಕಾಯಿಲೆಯ ಮೂಲ ಕೋಶಗಳು ಬದುಕಲು ಈ ಕಿಣ್ವವನ್ನೇ ನೆಚ್ಚಿಕೊಂಡಿಲ್ಲ. ಮಾತ್ರೆ ಬೆಳೆಯನ್ನು ಕೊಯ್ಯುತ್ತದೆ, ಬೇರನ್ನು ಕೀಳುವುದಿಲ್ಲ. ಗೂಡಿನ ಆಕಾರವೇ ಬದಲಾಗುವ ರೂಪಾಂತರಗಳೂ ಹುಟ್ಟಬಹುದು. ಟಿ315ಐ ಎಂಬ ರೂಪಾಂತರ ಆದರೆ ಇಮಾಟಿನಿಬ್‌ಗೆ ಆ ಗೂಡಿನ ಬಾಗಿಲೇ ಮುಚ್ಚುತ್ತದೆ.

ಲಂಡನ್ನಿನಲ್ಲಿ 87 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಅಂಕಿಯಲ್ಲಿ ಹೇಳುತ್ತದೆ. ಶೇ 90ಕ್ಕಿಂತ ಹೆಚ್ಚು ಮಾತ್ರೆ ತಪ್ಪದೇ ನುಂಗಿದವರಲ್ಲಿ ಕಾಯಿಲೆ ಅಣುಮಟ್ಟದಲ್ಲಿ ಚೆನ್ನಾಗಿ ಹತೋಟಿಗೆ ಬರುವ ಸಾಧ್ಯತೆ ಶೇ 94.5. ಅದಕ್ಕಿಂತ ಕಮ್ಮಿ ನುಂಗಿದವರಲ್ಲಿ ಶೇ 28.4. ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಈ ಗೆರೆಯ ಅಂಚಿಗೆ ಬರುತ್ತೀರಿ. ನಮ್ಮ ಅಕ್ಕ ತಪ್ಪಿಸುತ್ತಿದ್ದದ್ದು ತಿಂಗಳಿಗೆ ಹದಿನೈದು.

ನೆಗಡಿ ಮಾತ್ರೆಯ ಬೆಲೆ ಜಾಸ್ತಿಯಾದರೆ ಒಂದು ವಾರ ಕಷ್ಟ. ದಿನಾ, ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಯ ಬೆಲೆ ಬೇರೆ ಮಾತು. ಅಲ್ಲಿ ಬೆಲೆಯೇ ಡೋಸು. ಬೆಲೆ ಎಷ್ಟಿದೆ ಅನ್ನುವುದರ ಮೇಲೆ ಬಡವರ ರಕ್ತದಲ್ಲಿ ಔಷಧಿ ಎಷ್ಟಿರುತ್ತದೆ ಅನ್ನುವುದು ನಿರ್ಧಾರವಾಗುತ್ತದೆ. ಅದರ ಮೇಲೆ, ನಮ್ಮಲ್ಲಿ ಸಿಎಂಎಲ್ ಬರುವವರ ವಯಸ್ಸು ಪಶ್ಚಿಮದ ದೇಶಗಳಿಗಿಂತ ಕಡಿಮೆ. ದುಡಿಯುವ ವಯಸ್ಸು, ಮಕ್ಕಳ ಫೀ ತುಂಬುವ ವಯಸ್ಸು.

ಹಾಗಾದರೆ ಸಂಶೋಧನೆಗೆ ರೊಕ್ಕ ಯಾರು ಕೊಡಬೇಕು?

ಕೇಳಲೇಬೇಕಾದ ಪ್ರಶ್ನೆ. ನೊವಾರ್ಟಿಸ್ ಈ ಅಣುವಿಗೆ ಹಣ, ಶ್ರಮ ಹಾಕಿದ್ದು ನಿಜ. ಭಾರತದಲ್ಲಿ ಸಾವಿರಾರು ರೋಗಿಗಳಿಗೆ ದಾನದ ಯೋಜನೆಯಡಿ ಪುಕ್ಕಟೆ ಕೊಟ್ಟದ್ದೂ ನಿಜ. ಆದರೆ ಗಿಡ್ಡ ವರ್ಣತಂತು ಕಂಡುಹಿಡಿದದ್ದು, ಅದಲುಬದಲು ಪತ್ತೆ ಮಾಡಿದ್ದು ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು. ಅದರಲ್ಲಿ ಜನರ ತೆರಿಗೆ ಹಣ ಇತ್ತು. 2001ರಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30,000 ಡಾಲರ್ ಇದ್ದ ಬೆಲೆ 2012ಕ್ಕೆ 92,000 ಡಾಲರ್ ಆಯಿತು. ಹಳೇ ಸಂಶೋಧನೆ, ಹಳೇ ಮಾತ್ರೆ. ಏರಿದ್ದು ಬೆಲೆ ಮಾತ್ರ. 2013ರಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಸಿಎಂಎಲ್ ತಜ್ಞರು, ಡ್ರಕರ್ ಅವರೂ ಸೇರಿ, ಈ ಬೆಲೆ ಸರಿಯಲ್ಲ ಎಂದು ಒಟ್ಟಾಗಿ ಬರೆದರು. ಇನ್ನು ದಾನ. ದಾನ ಕೊಟ್ಟವರು ನಿಲ್ಲಿಸಬಹುದು. ಕಾಯ್ದೆಯ ಹಕ್ಕು ಹಾಗಲ್ಲ.

ಈಗ ಬಾಗಿಲ ಹತ್ತಿರ ಏನು ನಡೆದಿದೆ?

3(ಡಿ) ಕಲಮನ್ನು ಯಾರೂ ಅಳಿಸಿಲ್ಲ. ಆದರೆ ಕಲಮು ಕೆಲಸ ಮಾಡಬೇಕಾದರೆ ಯಾರೋ ಒಬ್ಬರು ಪೇಟೆಂಟ್ ಕಚೇರಿಗೆ ಹೋಗಿ 'ಇದು ಹಳೇ ಔಷಧಿ ಸ್ವಾಮಿ' ಅಂತ ಹೇಳಬೇಕು. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ತಕರಾರು ಹಾಕಬಹುದು ಎಂದು ಕಾಯ್ದೆ ಹೇಳುತ್ತದೆ. ಗ್ಲಿವೆಕ್ ಪ್ರಕರಣ ಶುರುವಾದದ್ದು ಹಾಗೆ. 2023ರ ಮಾರ್ಚ್‌ನಲ್ಲಿ ಕ್ಷಯದ ಔಷಧಿ ಬೆಡಾಕ್ವಿಲಿನ್ ಮೇಲೆ ಜಾನ್ಸನ್ ಅಂಡ್ ಜಾನ್ಸನ್ ಕೇಳಿದ್ದ ಎರಡನೇ ಪೇಟೆಂಟ್ ಬಿದ್ದುಹೋದದ್ದೂ ಹಾಗೆ. ಅಲ್ಲಿ ತಕರಾರು ಹಾಕಿದವರಲ್ಲಿ ಕ್ಷಯ ಗೆದ್ದುಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

2024ರ ಮಾರ್ಚ್ 10ರಂದು ಭಾರತ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ದೇಶಗಳ ಗುಂಪಿನ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ನೊವಾರ್ಟಿಸ್ ಸ್ವಿಟ್ಜರ್ಲೆಂಡಿನ ಕಂಪನಿ. ಐದು ದಿನ ಬಿಟ್ಟು, ಮಾರ್ಚ್ 15ರಂದು, ಕೇಂದ್ರ ಸರ್ಕಾರ ಪೇಟೆಂಟ್ ನಿಯಮಗಳನ್ನು ತಿದ್ದಿತು. ಪುಕ್ಕಟೆ ಇದ್ದ ಮುಂಗಡ ತಕರಾರಿಗೆ ಈಗ ಶುಲ್ಕ. ತಕರಾರು ವಿಚಾರಣೆಗೆ ಯೋಗ್ಯವೋ ಅಲ್ಲವೋ ಎಂದು ಅಧಿಕಾರಿ ಮೊದಲೇ ತೀರ್ಮಾನಿಸಬಹುದು. ಪೇಟೆಂಟ್ ಪಡೆದ ಕಂಪನಿ ಅದನ್ನು ಈ ದೇಶದಲ್ಲಿ ಬಳಸುತ್ತಿದೆಯೇ ಎಂದು ವರ್ಷವರ್ಷ ಕೊಡಬೇಕಿದ್ದ ಲೆಕ್ಕ ಈಗ ಮೂರು ವರ್ಷಕ್ಕೊಮ್ಮೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲಿ, ಔಷಧಿ ಜನರಿಗೆ ಸಿಗುವಂತೆ ಮಾಡಲು ಕಂಪನಿಯೇ ಒಪ್ಪಿ ಕೊಡುವ ಲೈಸೆನ್ಸ್ ಒಳ್ಳೆಯ ದಾರಿ ಎಂಬ ಮಾತು ಸೇರಿದೆ. ಸರ್ಕಾರ ಬಲವಂತವಾಗಿ ಲೈಸೆನ್ಸ್ ಕೊಡುವ ಅಧಿಕಾರ ಹೋಗಿಲ್ಲ, ಆದರೆ ಅದನ್ನು ಬಳಸಲು ಹಿಂಜರಿಯುವಂತೆ ಮಾಡುವ ಮಾತು ಅದು.

ಪ್ರಯೋಗದ ದತ್ತಾಂಶವನ್ನೇ ಮುಚ್ಚಿಟ್ಟು ಅಗ್ಗದ ಔಷಧಿ ತಡೆಯುವ ಬೇಡಿಕೆಗೆ ಸರ್ಕಾರ ಒಪ್ಪಿಲ್ಲ. ಅದಕ್ಕೆ ಮೆಚ್ಚುಗೆ ಸಲ್ಲಲಿ. ಆದರೂ ಬಾಗಿಲು ಕಿತ್ತಿಲ್ಲ ಅನ್ನುವುದಕ್ಕೂ, ಬಾಗಿಲ ಮುಂದೆ ಒಂದೊಂದೇ ಕಲ್ಲು ಜೋಡಿಸುವುದಕ್ಕೂ ವ್ಯತ್ಯಾಸ ಇದೆಯಲ್ಲ?

ಇದು ಹಳೇ ಮಾತ್ರೆಯ ಕತೆ, ಈಗ ಯಾಕೆ ಅಂತೀರಾ? ಇಮಾಟಿನಿಬ್ ಕೆಲಸ ಮಾಡದವರಿಗೆ ಆಸಿಮಿನಿಬ್ ಎಂಬ ಹೊಸ ಔಷಧಿ ಬಂದಿದೆ. ಇದೂ ನೊವಾರ್ಟಿಸ್‌ನದೇ, ಅಮೆರಿಕ 2021ರಲ್ಲಿ ಒಪ್ಪಿತು. ಇದು ಎಟಿಪಿಯ ಗೂಡಿಗೆ ಹೋಗುವುದೇ ಇಲ್ಲ. ಕಿಣ್ವದ ಬೇರೊಂದು ಗೂಡಿನಲ್ಲಿ ಕೂತು ಸ್ವಿಚ್ಚು ಆರಿಸುತ್ತದೆ. ಹಾಗಾಗಿ ಟಿ315ಐ ಇದ್ದರೂ ಕೆಲಸ ಮಾಡಬಲ್ಲದು. ನಿಜವಾದ ಹೊಸ ವಿಜ್ಞಾನ, ಹರಳಿನ ಆಟ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿನ ಶೇ 12 ಜಿಎಸ್‌ಟಿ ತೆಗೆದದ್ದು ದೊಡ್ಡ ಸುದ್ದಿಯಾಯಿತು. ಒಳ್ಳೆಯದೇ. ಲೆಕ್ಕ ಮಾತ್ರ ಮಾಡಿ. 100 ರೂಪಾಯಿಯ ಮಾತ್ರೆ 112ರಿಂದ 100ಕ್ಕೆ ಇಳಿದರೆ ಉಳಿತಾಯ ಶೇ 11ಕ್ಕಿಂತ ಕಡಿಮೆ. ಇಮಾಟಿನಿಬ್‌ನಲ್ಲಿ ಪೈಪೋಟಿ ಬೆಲೆ ಇಳಿಸಿದ್ದು ಶೇ 90ಕ್ಕೂ ಹೆಚ್ಚು. ಬಡವರಿಗೆ ಮುಟ್ಟಲಾಗದ ಬೆಲೆಯ ಮೇಲಿನ ತೆರಿಗೆ ತೆಗೆದರೆ ಅದು ಮುಟ್ಟುವ ಬೆಲೆ ಆಗುವುದಿಲ್ಲ.

ರಾಜ್ಯದ ಪಾಲು

ದೆಹಲಿಯನ್ನು ಬೈದರೆ ಸಾಲದು. ಅಕ್ಕ ಮಾತ್ರೆ ಬಿಟ್ಟದ್ದು ಪೇಟೆಂಟಿನಿಂದಲ್ಲ, ಇಮಾಟಿನಿಬ್ ಇವತ್ತು ಅಗ್ಗವೇ. ಸರ್ಕಾರಿ ಯೋಜನೆಯ ಮಾತ್ರೆ ತರಲು ಅವರು ದೂರದ ದೊಡ್ಡ ಊರಿಗೆ ಹೋಗಬೇಕು. ರಾತ್ರಿ ರೈಲು, ಬೆಳಿಗ್ಗೆ ಸರದಿ, ಮತ್ತೆ ರಾತ್ರಿ ರೈಲು. ಎರಡು ದಿನದ ಹೊಲಿಗೆ ಹೋಯಿತು. ಹೋಗಲಾಗದ ತಿಂಗಳು ಅಂಗಡಿಯಲ್ಲಿ ರೊಕ್ಕ ಕೊಟ್ಟು ತಗೋಬೇಕು. ಕಾಯಿಲೆ ಎಷ್ಟು ಉಳಿದಿದೆ ಅಂತ ಅಳೆಯುವ ಬಿಸಿಆರ್-ಎಬಿಎಲ್ ಪರೀಕ್ಷೆಗೆ ಒಂದು ಸಲಕ್ಕೆ ಕೆಲವು ಸಾವಿರ.

ಈ ಪರೀಕ್ಷೆ ಸಣ್ಣ ವಿಷಯ ಅಲ್ಲ. ವರ್ಷಗಟ್ಟಲೆ ಕಾಯಿಲೆ ಆಳವಾಗಿ ಹತೋಟಿಯಲ್ಲಿದ್ದವರು ಡಾಕ್ಟರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಬಹುದು. ಅಂಥವರಲ್ಲಿ ಸುಮಾರು ಅರ್ಧ ಜನಕ್ಕೆ ಕಾಯಿಲೆ ಮರಳಿ ಬಂದಿಲ್ಲ. ಆದರೆ ಅದಕ್ಕೆ ಪದೇ ಪದೇ ಈ ಪರೀಕ್ಷೆ ಬೇಕು. ಅಂದರೆ ಮಾತ್ರೆಯಿಂದ ಬಿಡುಗಡೆ ಪಡೆಯುವುದಕ್ಕೂ ರೊಕ್ಕ ಇರಬೇಕು!

ರಾಜ್ಯ ಸರ್ಕಾರ 2025ರಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರ ತೆರೆದಿದೆ. ಸ್ವಾಗತ. ಆದರೆ ಮನೆಯಲ್ಲಿ ಮಾತ್ರೆ ನುಂಗುವ ರೋಗಿಗೆ ಬೇಕಾದದ್ದು ಹಾಸಿಗೆಯಲ್ಲ, ತಪ್ಪದ ಸರಬರಾಜು. ಅದೇ ವರ್ಷ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರ ಮುಚ್ಚಲು ಸರ್ಕಾರ ಆದೇಶಿಸಿತು, ವಿಷಯ ಹೈಕೋರ್ಟಿಗೂ ಹೋಯಿತು. ಔಷಧಿಯನ್ನು ಆಸ್ಪತ್ರೆಯೇ ಪುಕ್ಕಟೆ ಕೊಡಬೇಕು ಅನ್ನುವುದು ಸರ್ಕಾರದ ವಾದ. ಒಪ್ಪಿದೆ. ಹಾಗಾದರೆ ಇಮಾಟಿನಿಬ್ ಹುಬ್ಬಳ್ಳಿಯಲ್ಲೇ, ಜಿಲ್ಲೆಜಿಲ್ಲೆಯಲ್ಲೇ, ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಿ. ರಕ್ತದ ಮಾದರಿಯನ್ನು ಇಲ್ಲೇ ತಗೊಂಡು ಲ್ಯಾಬಿಗೆ ಕಳಿಸಿ, ರೋಗಿಯನ್ನೇ ಕಳಿಸಬೇಡಿ. ಇಷ್ಟು ಮಾಡಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಅಡ್ಡ ಬರುವುದಿಲ್ಲ.

ಅಕ್ಕನಿಗೆ ನಾನು ಪ್ಲೇಟಿನ ಕತೆ ಹೇಳಿದೆ, ತೊಳೆದ ಮೇಲೆ ಮರಳಿ ಬಂದ ನೇರಳೆ ಬಣ್ಣದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದೇನು? ಮೈಯಾಗೇನೂ ಗೊತ್ತಾಗಂಗಿಲ್ಲಲ್ಲೋ ಮತ್ತ" ಅಂದರು. ಮುಂದಿನ ಪರೀಕ್ಷೆಯಲ್ಲಿ ಅಂಕಿ ಏರಿತ್ತು. ಡಾಕ್ಟರು ಬೈದು, ದಿನಾ ತಪ್ಪದೇ ತಗೊಳ್ಳಿ, ಮೂರು ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಓಣಿಯ ನಾಲ್ಕು ಮನೆಯವರು ಸೇರಿ ಆ ಮೂರು ತಿಂಗಳ ಗುಳಿಗಿಯ ವ್ಯವಸ್ಥೆ ಮಾಡಿದ್ದೇವೆ. ಮುಂದಿನ ಪರೀಕ್ಷೆ ಇನ್ನೂ ಆಗಬೇಕು.

ಓಣಿಯವರು ಮೂರು ತಿಂಗಳು ಮಾಡಬಹುದು. ಮೂವತ್ತು ವರ್ಷ ಮಾಡಬೇಕಾದದ್ದು ಸರ್ಕಾರ. ಮುಂದಿನ ಸಲ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗ ಕಾರು, ಚಾಕೊಲೇಟು, ವಿಸ್ಕಿ ಎಷ್ಟು ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಔಷಧಿಯ ಪುಟದಲ್ಲಿ ಏನಿದೆ ಅಂತ ನೀವು ಕೇಳಿ. ನಿಮ್ಮ ಸಂಸದರನ್ನು ಕೇಳಿ, ನಿಮ್ಮ ಶಾಸಕರನ್ನೂ ಕೇಳಿ.